ವೇಗ ಅಳೆಯುವ ಮೊದಲು ಹೊಣೆ ಸಮನಾಗಿರಲಿ

ವೈಟ್‌ಫೀಲ್ಡ್‌ನ ನಮ್ಮ ಕಚೇರಿಯಲ್ಲಿ ಹೊಸ ಬಿಲ್ಲಿಂಗ್ ವ್ಯವಸ್ಥೆಗೆ ಡೇಟಾಬೇಸ್ ಆಗಿ ಪೋಸ್ಟ್‌ಗ್ರೆಸ್ ಇರಲೋ ಮೈಎಸ್‌ಕ್ಯುಎಲ್ ಇರಲೋ ಎಂಬ ಪ್ರಶ್ನೆ ಎದ್ದಾಗ, ಹೋಲಿಕೆಯ ಪರೀಕ್ಷೆ ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ಎರಡನ್ನೂ ಇನ್‌ಸ್ಟಾಲ್ ಮಾಡಿ, ಸೆಕೆಂಡಿಗೆ ಎಷ್ಟು ವಹಿವಾಟು ಮುಗಿಯುತ್ತದೆಂದು ಎಣಿಸಿದರೆ ಸಾಕೆಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ.

ಕಮಿಟ್ ಆಯಿತು, ಅಂದರೆ ವಹಿವಾಟು ಖಾಯಂ ಆಯಿತು ಎಂದು ಉತ್ತರಿಸುವ ಮೊದಲು ಲಾಗ್ (ಬದಲಾವಣೆಗಳ ದಾಖಲೆ) ಡಿಸ್ಕ್ ಮುಟ್ಟಿರಬೇಕೆಂಬುದು ಎರಡರಲ್ಲೂ ಡಿಫಾಲ್ಟ್ ನಿಯಮ. ಆದರೆ ಮೈಎಸ್‌ಕ್ಯುಎಲ್ ದತ್ತಾಂಶ ಸಂಗ್ರಹಿಸಲು ಬಳಸುವ ಎಂಜಿನ್ ಆದ ಇನ್ನೊಡಿಬಿಯ ಲಾಗ್ ಫ್ಲಶ್ ಸೆಟ್ಟಿಂಗನ್ನು 1ರಿಂದ 2ಕ್ಕೆ ಬದಲಿಸಿದರೆ ಕಮಿಟ್ ಹೊತ್ತಿಗೆ ಲಾಗ್ ಆಪರೇಟಿಂಗ್ ಸಿಸ್ಟಮ್‌ವರೆಗೆ ಮಾತ್ರ ಹೋಗುತ್ತದೆ, ಡಿಸ್ಕ್‌ಗೆ ಇಳಿಯುವುದು ಸುಮಾರು ಸೆಕೆಂಡಿಗೊಮ್ಮೆ. ಆ ನಡುವೆ ಸರ್ವರಿನ ವಿದ್ಯುತ್ ಹೋದರೆ ಗ್ರಾಹಕ ಹಣ ಕಟ್ಟಿದ ದಾಖಲೆಯೇ ಉಳಿಯದಿರಬಹುದು. ಪೋಸ್ಟ್‌ಗ್ರೆಸ್‌ನ ಸಿಂಕ್ರೊನಸ್ ಕಮಿಟ್ (ಲಾಗ್ ಡಿಸ್ಕ್ ಮುಟ್ಟುವವರೆಗೆ ಕಾಯುವ ಸೆಟ್ಟಿಂಗ್) ಆಫ್ ಮಾಡಿದರೂ ಇಂಥದೇ ಅಪಾಯ. ಒಂದು ಕಡೆ ಮಾತ್ರ ಹೀಗೆ ಸಡಿಲಿಸಿ ಪಡೆದ ಅಂಕಿಗೆ ಬಿಲ್ಲಿಂಗ್ ವಿಷಯದಲ್ಲಿ ಬೆಲೆಯೇ ಇಲ್ಲ. ಇದರ ಜೊತೆಗೆ ಮೈಎಸ್‌ಕ್ಯುಎಲ್ 8.0ರಲ್ಲಿ ಬೈನರಿ ಲಾಗ್ (ಪ್ರತಿ ಸರ್ವರ್‌ಗಳಿಗೆ ಕಳಿಸಲು ಬಳಸುವ ಬದಲಾವಣೆಗಳ ದಾಖಲೆ) ತಾನಾಗಿಯೇ ಚಾಲೂ ಇರುತ್ತದೆ. ನಮಗೆ ರೆಪ್ಲಿಕಾ, ಅಂದರೆ ಅದೇ ದತ್ತಾಂಶ ಇಟ್ಟುಕೊಂಡ ಇನ್ನೊಂದು ಸರ್ವರ್, ಬೇಕೇ ಬೇಕಿದ್ದರಿಂದ ಅದನ್ನು ಹಾಗೆಯೇ ಉಳಿಸಿ, ಪೋಸ್ಟ್‌ಗ್ರೆಸ್‌ಗೂ ಅಂಥದೇ ಒಂದು ಸ್ಟ್ಯಾಂಡ್‌ಬೈ ಜೋಡಿಸಿದೆ.

ಒಟ್ಟಿಗೆ ನಡೆಯುವ ವಹಿವಾಟುಗಳಲ್ಲಿ ಒಂದರ ಬದಲಾವಣೆ ಇನ್ನೊಂದಕ್ಕೆ ಎಷ್ಟು ಕಾಣಬೇಕೆಂಬ ಐಸೊಲೇಶನ್ ಮಟ್ಟವೂ ಡಿಫಾಲ್ಟ್‌ನಲ್ಲಿ ಬೇರೆಬೇರೆ: ಪೋಸ್ಟ್‌ಗ್ರೆಸ್‌ನದು ರೀಡ್ ಕಮಿಟೆಡ್, ಇನ್ನೊಡಿಬಿಯದು ರಿಪೀಟಬಲ್ ರೀಡ್. ಎರಡನ್ನೂ ರೀಡ್ ಕಮಿಟೆಡ್‌ಗೆ ತಂದೆ. ಡಿಸ್ಕ್‌ನ ದತ್ತಾಂಶವನ್ನು ಹಿಡಿದಿಡುವ ಬಫರ್ ಮೆಮೊರಿ ಡಿಫಾಲ್ಟ್ ಆಗಿ ಎರಡರಲ್ಲೂ 128 ಎಂಬಿ ಎಂಬುದು ನೋಡಲು ಸಮಾನವಾದರೂ, ಪೋಸ್ಟ್‌ಗ್ರೆಸ್ ಆಪರೇಟಿಂಗ್ ಸಿಸ್ಟಮ್‌ನ ಕ್ಯಾಶೆಯನ್ನು ಹೆಚ್ಚು ನೆಚ್ಚಿಕೊಳ್ಳುವುದರಿಂದ ಒಂದೇ ಅಂಕಿಯನ್ನು ಎರಡಕ್ಕೂ ಕೊಡುವುದು ನ್ಯಾಯವಲ್ಲ. ನಮ್ಮ ಗ್ರಾಹಕರ ಹೆಸರುಗಳು ಕನ್ನಡದಲ್ಲಿವೆ. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಪೋಸ್ಟ್‌ಗ್ರೆಸ್ ಸಿ ಲೊಕೇಲ್ ಎಂಬ ಭಾಷಾ ಸೆಟ್ಟಿಂಗ್‌ನಲ್ಲಿ ಬೈಟ್‌ಗಳನ್ನಷ್ಟೇ ಹೋಲಿಸಿ ಹೆಸರುಗಳನ್ನು ಕ್ರಮವಾಗಿ ಜೋಡಿಸುತ್ತಿರುವಾಗ ಮೈಎಸ್‌ಕ್ಯುಎಲ್ ಪೂರ್ಣ ಯೂನಿಕೋಡ್ ಕೊಲೇಶನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಪಾಲಿಸುತ್ತಿದ್ದರೆ, ಮೊದಲನೆಯದು ಗೆದ್ದದ್ದು ಕಡಿಮೆ ಕೆಲಸ ಮಾಡಿ. ಇಂಗ್ಲಿಷ್ ಅಕ್ಷರಗಳ ಕೃತಕ ದತ್ತಾಂಶದಲ್ಲಿ ಇದರ ಪರಿಣಾಮ ಸರಿಯಾಗಿ ಕಾಣುವುದಿಲ್ಲ.

ಪರೀಕ್ಷೆಯ ಅವಧಿಯ ಬಗ್ಗೆ ಎಲ್ಲರಿಗೂ ಆತುರ. ಪೋಸ್ಟ್‌ಗ್ರೆಸ್‌ನಲ್ಲಿ ಚೆಕ್‌ಪಾಯಿಂಟ್ (ಮೆಮೊರಿಯಲ್ಲಿನ ಬದಲಾವಣೆಗಳನ್ನು ಡಿಸ್ಕ್‌ನ ಕಡತಗಳಿಗೆ ಇಳಿಸುವ ಕೆಲಸ) ಡಿಫಾಲ್ಟ್ ಆಗಿ 5 ನಿಮಿಷಕ್ಕೊಮ್ಮೆ ಬರುತ್ತದೆ, ಲಾಗ್ ಬೇಗ ತುಂಬಿದರೆ ಇನ್ನೂ ಮೊದಲೇ. 2 ನಿಮಿಷದ ಓಟದಲ್ಲಿ ಅದರ ಹೊರೆ ಬೀಳದೆಯೇ ಇರಬಹುದು. ಬೇಡವಾದ ಹಳೆಯ ಸಾಲುಗಳನ್ನು ತೆರವುಗೊಳಿಸುವ ಆಟೊವ್ಯಾಕ್ಯೂಮ್ ಕೂಡ ಎದುರಾಗಲೆಂದು ಗಂಟೆಗಟ್ಟಲೆ ಓಡಿಸಿ, ಸರಾಸರಿಯ ಪಕ್ಕದಲ್ಲಿ 99ನೇ ಪರ್ಸೆಂಟೈಲ್ ವಿಳಂಬವನ್ನೂ (ನೂರರಲ್ಲಿ 99 ವಹಿವಾಟುಗಳು ಮುಗಿಯುವ ಸಮಯದ ಮಿತಿ) ಬರೆದೆ.

ನನ್ನ ಕೈ ಪಳಗಿರುವುದು ಪೋಸ್ಟ್‌ಗ್ರೆಸ್‌ನಲ್ಲಿ. ಆದ್ದರಿಂದ ಮೈಎಸ್‌ಕ್ಯುಎಲ್‌ನ ಹೊಂದಾಣಿಕೆಯನ್ನು ಅದರಲ್ಲಿ ನುರಿತ ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿದೆ. ಅವರು ತಮ್ಮ ಸೆಟ್ಟಿಂಗ್‌ಗಳ ಜೊತೆಗೆ ನನ್ನವನ್ನೂ ಓದಿ ಒಪ್ಪಿದ ಮೇಲೆಯೇ ಅಂಕಿಗಳನ್ನು ವರದಿಗೆ ಸೇರಿಸಿದೆ.