ಸೊರಗು ಅಂದ್ರೆ ಯಾವ ಸೊರಗು?

ನನ್ನ ಬೈಕಿನ ಬ್ಯಾಗಿನಲ್ಲಿ ಈಗ ಯಾವಾಗಲೂ ಒಂದು ಖಾಲಿ ಕ್ವಾರ್ಟರ್ ಬಾಟಲಿ ಇರುತ್ತದೆ. ತೊಳೆದು, ಲೇಬಲ್ ಕಿತ್ತದ್ದು. ಒಂದು ಸಲ ಮನೆಯವಳ ಕೈಗೆ ಸಿಕ್ಕಿ, ಅರ್ಧ ಗಂಟೆ ಟೊಮೇಟೊ ರೋಗದ ಬಗ್ಗೆ ಪಾಠ ಮಾಡಬೇಕಾಯಿತು. ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಮುಳಬಾಗಿಲು ಕಡೆ ನನ್ನ ಏರಿಯಾ. ಬೆಳೆಗೆ ಹೊಡೆಯುವ ಔಷಧಿ ಮಾರುವ ಕಂಪನಿಯಲ್ಲಿ ಫೀಲ್ಡ್ ಕೆಲಸ. ಹೋದ ವರ್ಷ ಅಕ್ಟೋಬರ್‌ನಲ್ಲಿ ಹನ್ನೊಂದು ದಿನ ಮಳೆ ಬಿಡಲೇ ಇಲ್ಲ. ಮಳೆ ಹಿಡಿಯಿತು ಅಂದರೆ ಬೆಳಗ್ಗೆ ಐದೂವರೆಗೇ ವಾಟ್ಸಾಪ್‌ನಲ್ಲಿ ಎಲೆಗಳ ಮೆರವಣಿಗೆ. ಎಲ್ಲಾ ಫೋಟೊ ಮಸುಕು, ಎಲ್ಲದರ ಕೆಳಗೂ ಒಂದೇ ಪ್ರಶ್ನೆ: "ಸಾರ್, ಏನ್ ಹೊಡೀಲಿ?"

ಆ ವಾರ ನಾನು ಸ್ವಲ್ಪ ಜಾಸ್ತಿಯೇ ಉಬ್ಬಿದ್ದೆ. ಮೂರು ಅಂಗಮಾರಿ ಕೇಸು ಸರಿಯಾಗಿ ಹಿಡಿದಿದ್ದೆ. ಒಬ್ಬರು ಅದಾಗಲೇ ಎರಡು ಸಲ ಕಾರ್ಬೆಂಡಾಜಿಮ್ ಅನ್ನುವ ಶಿಲೀಂಧ್ರನಾಶಕ ಹೊಡೆದು ಕೂತಿದ್ದರು. ಲೇಟ್ ಬ್ಲೈಟ್ ಅನ್ನುವ ಈ ಅಂಗಮಾರಿಗೆ ಅದನ್ನು ಹೊಡೆಯುವುದೂ ಒಂದೇ, ಬರೀ ನೀರು ಹೊಡೆಯುವುದೂ ಒಂದೇ. ಆ ರೋಗ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಈ ಔಷಧಿ ಅದಕ್ಕೆ ತಾಗುವುದಿಲ್ಲ. ಬೆಳಗ್ಗೆ ಹೋಗಿ ಎಲೆ ಮಗುಚಿದೆ. ಕಲೆಯ ಅಂಚಿಗೆ ಬಿಳಿ ಬೂಸ್ಟು. ಸೈಮಾಕ್ಸಾನಿಲ್ ಮತ್ತು ಮ್ಯಾಂಕೊಜೆಬ್ ಇರುವ ಔಷಧಿ ಬರೆದುಕೊಟ್ಟೆ. ಮಳೆ ಬಿಡುವು ಕೊಟ್ಟಾಗ, ಎಲೆ ಆರಿದ ಮೇಲೆ, ಎಲೆಯ ಅಡಿಗೂ ಬೀಳುವ ಹಾಗೆ ಹೊಡೆಯಿರಿ ಅಂದೆ. ರೋಗ ನಿಂತಿತು. "ಡಾಕ್ಟ್ರು ಬಂದ್ರು" ಅಂತ ಅಂಗಡಿಯವರು ರೇಗಿಸಿದರೆ ಒಳಗೊಳಗೇ ಖುಷಿ.

ಅಷ್ಟರಲ್ಲಿ ಇನ್ನೊಂದು ಫೋನು. "ಸಾರ್, ಗಿಡ ಸೊರಗ್ತಾ ಇದೆ."

ನಮ್ಮ ಕಡೆ ಸೊರಗು ಅನ್ನುವ ಮಾತಿಗೆ ಅಳತೆಯೇ ಇಲ್ಲ. ನೀರು ಕಮ್ಮಿಯಾದರೂ ಸೊರಗು, ಬೇರು ಕೊಳೆತರೂ ಸೊರಗು, ಫ್ಯುಸೇರಿಯಂ ಶಿಲೀಂಧ್ರ ಬಂದರೂ ಸೊರಗು, ಬ್ಯಾಕ್ಟೀರಿಯಾ ಹೊಕ್ಕರೂ ಸೊರಗು. ರೈತರು ಹಾಗೆ ಅನ್ನುವುದರಲ್ಲಿ ತಪ್ಪಿಲ್ಲ. ಯಾವ ಸೊರಗು ಅಂತ ಹೇಳುವುದಕ್ಕೇ ನನಗೆ ಸಂಬಳ.

ಹೋದೆ. ಒಂದೂವರೆ ಎಕರೆ, ಸುಮಾರು 8,500 ಟೊಮೇಟೊ ಸಸಿ, ನೆಟ್ಟು ನಲವತ್ತೈದು ದಿನ. ಹೂವು ಚೆನ್ನಾಗಿತ್ತು. ಕೆಳಗಡೆ ಮೂಲೆಯಲ್ಲಿ ಹದಿನಾಲ್ಕು ಗಿಡ ತಲೆ ಬಗ್ಗಿಸಿದ್ದವು. ಮಳೆ ಜಿನುಗುತ್ತಿತ್ತು, ಕೆಸರು ಮೊಣಕಾಲಿಗೆ, ಕಾಲಿಗೆ ಹೊಸ ಶೂ. ಹೌದು, ಕಾರಣ ಇಷ್ಟೇ. ಬದುವಿನ ಮೇಲೆ ನಿಂತೇ, "ಅಣ್ಣಾ, ಒಂದು ಗಿಡ ಕಿತ್ಕೊಂಡು ಬನ್ನಿ" ಅಂದೆ. ಅವರು ಕಿತ್ತು, ಬೇರಿನ ಮಣ್ಣು ಕೊಡವುತ್ತಾ, ಇಡೀ ತೋಟದ ನಡುವೆ ನಡೆದು ನನ್ನ ಹತ್ತಿರ ತಂದರು.

ಬೇರು ಬೆಳ್ಳಗಿತ್ತು, ಕೊಳೆತಿರಲಿಲ್ಲ. ಎಲೆ ಹಸಿರಾಗಿಯೇ ಬಾಡಿತ್ತು, ಅಡಿ ಎಲೆ ಕೂಡ ಹಳದಿ ತಿರುಗಿರಲಿಲ್ಲ. "ಮಧ್ಯಾಹ್ನ ಬಾಡ್ತದೆ ಸಾರ್, ಸಂಜೆಗೆ ಎದ್ದು ನಿಲ್ತದೆ, ಎರಡು ದಿನ ಬಿಟ್ಟು ಏಳೋದೇ ಇಲ್ಲ" ಅಂದರು. ಇಷ್ಟು ಕೇಳಿದರೆ ಇದು ಬ್ಯಾಕ್ಟೀರಿಯಾ ಸೊರಗು ಅಂತ ಕಾಲೇಜಿನ ಹುಡುಗ ಕೂಡ ಹೇಳುತ್ತಾನೆ. ನಾನು ಫೋನು ತೆಗೆದು, ರೈತರ ದೂರು ದಾಖಲಿಸುವ ಕಂಪನಿ ಆಪ್ ಒತ್ತಿದೆ. ಅಲ್ಲಿ ಸೊರಗು ಅಂದರೆ ಒಂದೇ ಆಯ್ಕೆ, ಫ್ಯುಸೇರಿಯಂ. ಇಪ್ಪತ್ನಾಲ್ಕು ಗಂಟೆಯೊಳಗೆ ಆ ದೂರಿನ ಟಿಕೆಟ್ ಕ್ಲೋಸ್ ಆಗದಿದ್ದರೆ ಮೇಲಿನಿಂದ ಫೋನು ಬರುತ್ತದೆ. ಡೀಲರ್ ಹತ್ತಿರ ಕಾರ್ಬೆಂಡಾಜಿಮ್–ಮ್ಯಾಂಕೊಜೆಬ್ ಪುಡಿ ನಲವತ್ತು ಕೆಜಿ ಮಾರಾಟವಾಗದೆ ಕೂತಿತ್ತು. ಈ ಮೂರರಲ್ಲಿ ನನ್ನ ತಲೆ ಯಾವುದರ ಮಾತು ಕೇಳಿತು ಅಂತ ಈಗಲೂ ಗೊತ್ತಿಲ್ಲ. ಅದನ್ನೇ ಬರೆದುಕೊಟ್ಟೆ: ಲೀಟರಿಗೆ 2 ಗ್ರಾಂ, ಬುಡಕ್ಕೆ ಸುರಿಯುವ ಡ್ರೆಂಚಿಂಗ್. ಜೊತೆಗೆ ಸುಮ್ನೆ ಇರಲಾರದೆ ಇನ್ನೊಂದು ಮಾತು ಸೇರಿಸಿದೆ: "ಬೇರಿಗೆ ಗಾಳಿ ಆಡಲಿ, ಮಣ್ಣು ಏರಿಸಿಬಿಡಿ."

ಔಷಧಿಯಿಂದ ಉಪಯೋಗ ಆಗಲಿಲ್ಲ, ಅಷ್ಟೇ. ಹಾಳು ಮಾಡಿದ್ದು ಆ ಕೊನೆಯ ಮಾತು.

ಎಂಟು ದಿನ ಬಿಟ್ಟು ಮತ್ತೆ ಹೋದಾಗ ಕೆಳಗಿನ ಮೂಲೆ ಅಂತ ಉಳಿದಿರಲಿಲ್ಲ. ನೀರು ಹರಿದ ದಾರಿಯುದ್ದಕ್ಕೂ ಸಾಲು ಸಾಲೇ ಮಲಗಿತ್ತು. ನಾನೂರರ ಮೇಲೆ ಗಿಡ. ಬದುವಿನ ಮೇಲೆ ಅಣ್ಣ, ಅವರ ತಮ್ಮ, ಪಕ್ಕದ ತೋಟದವರು ಇಬ್ಬರು, ಡೀಲರ್ ಕೂಡ. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

"ಒಂದು ಗ್ಲಾಸ್ ತಿಳಿನೀರು ಕೊಡಿ" ಅಂದೆ. ತಂದದ್ದು ಸ್ಟೀಲ್ ಲೋಟ. ಅದರಲ್ಲಿ ಏನು ಕಾಣುತ್ತದೆ? ಗಾಜಿನದು ಬೇಕು ಅಂದರೆ ತೋಟದ ಮನೆಯಲ್ಲಿ ಎಲ್ಲಿ ಸಿಗಬೇಕು. ಕೊನೆಗೆ ತಮ್ಮ ಪಂಪ್‌ಸೆಟ್ ಕೋಣೆಯ ಹಿಂದಿನಿಂದ ಒಂದು ಕ್ವಾರ್ಟರ್ ಬಾಟಲಿ ತಂದ. "ಕೂಲಿಯವರದು ಸಾರ್" ಅಂತ ಕೇಳದೆಯೇ ಹೇಳಿದ. ಅಣ್ಣ ಆಕಾಶ ನೋಡಿದರು.

ಬಾಟಲಿ ಮೂರು ಸಲ ತೊಳೆದು ಕುಡಿಯುವ ನೀರು ತುಂಬಿದೆ. ಆಗಷ್ಟೇ ಬಾಡಿದ ಗಿಡದ ಬುಡದಿಂದ ಎರಡು ಇಂಚು ಕಾಂಡ ಕುಯ್ದೆ. ಒಳಗೆ ಸುತ್ತ ಕಂದು ಬಣ್ಣ. ಗಿಡ ಕಟ್ಟುವ ದಾರದಿಂದಲೇ ಅದನ್ನು ಬಾಟಲಿಯ ಬಾಯಿಗೆ ಇಳಿಬಿಟ್ಟೆ, ತುದಿ ನೀರಿಗೆ ತಾಗುವಷ್ಟು. ಅಲುಗಾಡದ ಹಾಗೆ ಕಲ್ಲಿನ ಮೇಲಿಟ್ಟು ಆರು ಜನ ಕುಕ್ಕರಗಾಲಲ್ಲಿ ಕೂತೆವು.

ಒಂದು ನಿಮಿಷ. ಏನೂ ಇಲ್ಲ. ನಿಜ ಹೇಳಬೇಕು ಅಂದರೆ, ಏನೂ ಬಾರದಿರಲಿ ಅಂತಲೇ ಬೇಡಿಕೊಳ್ಳುತ್ತಿದ್ದೆ. ಬರದಿದ್ದರೆ ನಾನು ಹೇಳಿದ್ದು ಸರಿ. ಎರಡು ನಿಮಿಷ. ಜೇಬಿನಲ್ಲಿ ಫೋನು ಗುಂಯ್ ಅಂದಿತು. ಏರಿಯಾ ಮ್ಯಾನೇಜರ್. ಎತ್ತಲಿಲ್ಲ. ಮತ್ತೆ ಬಂತು. ಮೂರನೇ ನಿಮಿಷಕ್ಕೆ ಕಾಂಡದ ತುದಿಯಿಂದ ಹಾಲಿನ ಎಳೆಯೊಂದು ಇಳಿಯಿತು. ಸಣ್ಣದು, ನೂಲಿನಂಥದ್ದು. ಹಿಂದೆಯೇ ಇನ್ನೊಂದು. ಐದು ನಿಮಿಷಕ್ಕೆ ಬಾಟಲಿಯ ತಳ ಮಬ್ಬಾಯಿತು. ಅದು ಬ್ಯಾಕ್ಟೀರಿಯಾ. ರಾಲ್‌ಸ್ಟೋನಿಯಾ. ಇದೇ ಪರೀಕ್ಷೆಗೆ ಕಾಲೇಜಿನಲ್ಲಿ ನನಗೆ ಹತ್ತಕ್ಕೆ ಹತ್ತು ಬಂದಿತ್ತು.

"ಇದಕ್ಕೇನು ಹೊಡೀಬೇಕು ಸಾರ್?" ಅಂದರು ಅಣ್ಣ.

"ಏನೂ ಇಲ್ಲಣ್ಣ" ಅಂದೆ. ಔಷಧಿ ಮಾರುವವನ ಬಾಯಲ್ಲಿ ಈ ಮಾತು ಹೊರಡುವುದು ಎಷ್ಟು ಕಷ್ಟ ಗೊತ್ತಾ? ಡೀಲರ್ ನನ್ನನ್ನೇ ನೋಡುತ್ತಿದ್ದರು.

ರೋಗ ಹತ್ತಿದ ಗಿಡ ಬದುಕುವುದಿಲ್ಲ. ಉಳಿದದ್ದನ್ನು ಕಾಪಾಡಬಹುದು, ಅಷ್ಟೇ. ಈ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಇರುತ್ತದೆ, ನೀರಿನ ಜೊತೆ ಹರಿಯುತ್ತದೆ, ಗಾಯವಾದ ಬೇರಿನಿಂದ ಒಳಗೆ ನುಗ್ಗುತ್ತದೆ. ಮಣ್ಣು ಏರಿಸಿ ಅಂದಿದ್ದೆನಲ್ಲ, ಗುದ್ದಲಿ ತಾಗಿ ಬೇರಿಗೆಲ್ಲ ಗಾಯ. ಅದೇ ಗುದ್ದಲಿ ಸಾಲಿನಿಂದ ಸಾಲಿಗೆ. ಕೊಡವಿದ ಮಣ್ಣು ದಾರಿಯುದ್ದಕ್ಕೂ. ಬೇಕು ಅಂತ ಹರಡಿದ್ದರೂ ಇದಕ್ಕಿಂತ ಚೆನ್ನಾಗಿ ಹರಡಲು ಆಗುತ್ತಿರಲಿಲ್ಲ.

ಅವತ್ತು ಶೂ ಬಿಚ್ಚಿಟ್ಟು ನಾನೂ ಇಳಿದೆ. ಬಾಡಿದ ಗಿಡಗಳನ್ನು ಬುಡದ ಮಣ್ಣಿನ ಸಮೇತ ಗೊಬ್ಬರದ ಚೀಲಕ್ಕೆ ತುಂಬಿ ಹೊರಗೆ ಸಾಗಿಸಿದೆವು. ಗುಣಿಗಳಿಗೆ ಬ್ಲೀಚಿಂಗ್ ಪೌಡರ್. ಕೆಳಗಿನ ಭಾಗದ ನೀರು ಬೇರೆ ಕಡೆ ಹರಡದ ಹಾಗೆ ಒಂದು ಕಾಲುವೆ ತೋಡಿ ಹೊರಕ್ಕೆ ಬಿಟ್ಟೆವು. ಆ ಸಾಲುಗಳ ಡ್ರಿಪ್ ಬಂದ್. ಕೆಲಸ ಮೇಲಿನಿಂದ ಶುರು ಮಾಡಿ ಕೆಳಗೆ ಮುಗಿಸಬೇಕು, ಗುದ್ದಲಿ ಕತ್ತರಿ ತೊಳೆಯದೆ ವಾಪಸ್ ತರಬಾರದು. ಮುಂದಿನ ಬೆಳೆ ರಾಗಿ ಅಥವಾ ಜೋಳ. ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ, ಅವೂ ಇದೇ ರೋಗದ ನೆಂಟರು. ಮತ್ತೆ ಟೊಮೇಟೊ ಇಡುವಾಗ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ರಕ್ಷಕ್ ನೋಡಿ, ಈ ಸೊರಗನ್ನು ತಡೆಯುವ ತಳಿ ಅದು ಅಂದೆ. ನಮ್ಮ ಕಂಪನಿಯೂ ಬೀಜ ಮಾರುತ್ತದೆ. ಇರಲಿ.

ಸುಮಾರು ಎರಡು ಸಾವಿರ ಗಿಡ ಹೋದವು. ಮಿಕ್ಕಿದ್ದು ಕೋಲಾರದ ಮಂಡಿಗೆ ಹೋಯಿತು, ಆ ವಾರ 15 ಕೆಜಿ ಬಾಕ್ಸಿಗೆ ಒಳ್ಳೆ ರೇಟೇ ಇತ್ತು. ರೇಟು ಚೆನ್ನಾಗಿದ್ದಷ್ಟೂ ನನಗೆ ಹೋದ ಎರಡು ಸಾವಿರದ ಲೆಕ್ಕವೇ ತಲೆಗೆ ಬರುತ್ತಿತ್ತು.

ಆಪ್‌ನಲ್ಲಿ ಆ ಟಿಕೆಟ್ ಈಗಲೂ ಫ್ಯುಸೇರಿಯಂ ಅಂತಲೇ ಇದೆ. ಕ್ಲೋಸ್ ಆದದ್ದನ್ನು ತಿದ್ದಲು ಆಗುವುದಿಲ್ಲವಂತೆ. ಸೊರಗಿನ ಕೆಳಗೆ ಬ್ಯಾಕ್ಟೀರಿಯಾ ಅಂತ ಇನ್ನೊಂದು ಆಯ್ಕೆ ಸೇರಿಸಿ ಅಂತ ಮೂರು ಸಲ ಮೇಲ್ ಹಾಕಿದೆ. ಅದಕ್ಕೆ ನಮ್ಮಲ್ಲಿ ಪ್ರಾಡಕ್ಟ್ ಇಲ್ಲವಲ್ಲ, ಯಾಕೆ ಅಂತ ಉತ್ತರ ಬಂತು. ಆ ತಿಂಗಳ ರಿವ್ಯೂನಲ್ಲಿ ನನ್ನ ಟಿಎಟಿ, ಅಂದರೆ ಟಿಕೆಟ್ ಕ್ಲೋಸ್ ಮಾಡುವ ವೇಗ, ಏರಿಯಾಕ್ಕೇ ಮೊದಲು.

ಅಣ್ಣ ಈಗಲೂ ಮಾತಾಡುತ್ತಾರೆ, ಹೋದರೆ ಕಾಫಿ ಕೊಡುತ್ತಾರೆ. ಆದರೆ ಮಳೆ ಬಂದರೆ ಫೋಟೊ ಮೊದಲು ಹೋಗುವುದು ಡೀಲರಿಗೆ. ನನಗೆ ಬರುವುದು ಆಮೇಲೆ, ಫಾರ್ವರ್ಡ್ ಆಗಿ.