ಇಲ್ಲದ ಹೆಡ್‌ಫೋನ್ ಕಂಡ ಉಬುಂಟು

ಹನುಮಂತನಗರದ ನಮ್ಮ ಬೀದಿಯ ಕೊನೇ ಮನೆ ಮೇಷ್ಟ್ರು ದಿನಾ ಬೆಳಗ್ಗೆ ಉಬುಂಟು (ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ವ್ಯವಸ್ಥೆ) ಇರುವ ಕಂಪ್ಯೂಟರಿನಲ್ಲಿ ಆಕಾಶವಾಣಿಯ ಅಮೃತವರ್ಷಿಣಿ ಹಾಕಿಕೊಂಡು ಕೂರುತ್ತಾರೆ. ಆ ಭಾನುವಾರ ಸಂಗೀತವಿಲ್ಲ. "ನೋಡಪ್ಪ, ಶುಕ್ರವಾರ ಅಪ್‌ಡೇಟ್ ಆಯ್ತು, ಶನಿವಾರದಿಂದ ಸೌಂಡೇ ಇಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡಿಸಿಬಿಡಿ ಅಂತಾರೆ" ಎಂದರು. "ಅದೆಲ್ಲ ಬೇಡಿ ಸಾರ್, ಮೊದಲು ನೋಡೋಣ" ಅಂದೆ. ಅಪ್‌ಡೇಟ್ ಆದ ಮಾರನೇ ದಿನ ಏನು ಕೆಟ್ಟರೂ ಅಪ್‌ಡೇಟಿನ ತಲೆಗೇ ಕಟ್ಟುವುದು ವಾಡಿಕೆ. ಇಲ್ಲಿ ಅದರದೇನೂ ತಪ್ಪಿರಲಿಲ್ಲ.

ಮೊದಲು ಸ್ಪೀಕರಿನ ಪಿನ್ ಕಿತ್ತು ಮೊಬೈಲಿಗೆ ಚುಚ್ಚಿದೆವು. ಹಾಡು ಬಂತು. ಅಂದರೆ ಸ್ಪೀಕರ್ ಮತ್ತು ವೈರ್ ಎರಡೂ ಸರಿ. ಪಿನ್ ಮೊದಲು ಇದ್ದದ್ದೂ ಕಂಪ್ಯೂಟರಿನ ಹಿಂಬದಿಯ ಹಸಿರು ತೂತಿನಲ್ಲೇ, ಸರಿಯಾದ ಜಾಗದಲ್ಲೇ. ಗುಲಾಬಿ ಮೈಕಿಗೆ, ನೀಲಿ ಹೊರಗಿನ ಸದ್ದನ್ನು ಒಳಗೆ ತರುವುದಕ್ಕೆ; ಗುಡಿಸಿ ಒರೆಸುವಾಗ ಅದಲುಬದಲಾಗುವುದು ಇಲ್ಲೇ.

ಮುಂದಿನದು ಎಚ್‌ಡಿಎಂಐ. ಚಿತ್ರ, ಸದ್ದು ಎರಡನ್ನೂ ಒಯ್ಯುವ ಆ ಕೇಬಲ್ಲಿನಲ್ಲಿ ಮಾನಿಟರ್ ಇದ್ದರೆ, ಮಾನಿಟರಿಗೆ ಸ್ಪೀಕರೇ ಇಲ್ಲದಿದ್ದರೂ ಸದ್ದು ಅತ್ತ ಹೊರಟುಹೋಗಬಹುದು. ಸೆಟ್ಟಿಂಗ್ಸ್‌ನ ಸೌಂಡ್ ಪುಟ ತೆರೆದಾಗ ಔಟ್‌ಪುಟ್ ಎಚ್‌ಡಿಎಂಐ ಆಗಿರಲಿಲ್ಲ. 'ಹೆಡ್‌ಫೋನ್ಸ್ – ಬಿಲ್ಟ್-ಇನ್ ಆಡಿಯೋ' ಎಂದಿತ್ತು. ಮೇಜಿನ ಮೇಲೆ, ಕಂಪ್ಯೂಟರಿನ ಡಬ್ಬದ (ಸಿಪಿಯು) ಮುಂದೆ, ಎಲ್ಲೂ ಹೆಡ್‌ಫೋನ್ ಇರಲಿಲ್ಲ. ಇಡೀ ಕಾಯಿಲೆ ಈ ಒಂದು ಸಾಲಿನಲ್ಲಿತ್ತು.

ಇದು ಉಬುಂಟು 24.04. ಎಲ್ಲಕ್ಕಿಂತ ಕೆಳಗೆ, ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಸದ್ದಿನ ಭಾಗ ಆಲ್ಸಾ ಹಾರ್ಡ್‌ವೇರಿನ ಜೊತೆ ಮಾತಾಡುತ್ತದೆ. ಅದರ ಮೇಲೆ ಎಲ್ಲ ಸದ್ದನ್ನೂ ಸಾಗಿಸುವ ಪೈಪ್‌ವೈರ್, ಯಾವ ಸದ್ದು ಯಾವ ದಾರಿಗೆ ಎಂದು ತೀರ್ಮಾನಿಸಲು ವೈರ್‌ಪ್ಲಂಬರ್. 2022ರ 22.10ರಿಂದ ಉಬುಂಟುವಿನಲ್ಲಿ ಪಲ್ಸ್‌ಆಡಿಯೋ ಜಾಗಕ್ಕೆ ಪೈಪ್‌ವೈರ್ ಬಂದಿದೆ. ಹಾಗಾಗಿ ಪಲ್ಸ್‌ಆಡಿಯೋ ರೀಸ್ಟಾರ್ಟ್ ಮಾಡಿ ಎನ್ನುವ ಹಳೇ ಸಲಹೆಗಳಿಂದ ಇಲ್ಲಿ ಪ್ರಯೋಜನವಿಲ್ಲ.

ಆದೇಶ ಟೈಪ್ ಮಾಡುವ ಟರ್ಮಿನಲ್ಲಿನಲ್ಲಿ, ಸದ್ದು ಏರಿಸಿ ಇಳಿಸುವ ಆಲ್ಸಾಮಿಕ್ಸರ್ ತೆರೆದರೆ ಮೊದಲು ಕಾಣುವುದು ಸದ್ದಿನ ಮಟ್ಟ ತೋರುವ ಒಂದೇ ಕಂಬ. ಅದು ಪೈಪ್‌ವೈರಿನದು, ಅಲ್ಲಿ ಎಷ್ಟು ಏರಿಸಿದರೂ ಏನೂ ಗೊತ್ತಾಗುವುದಿಲ್ಲ. ಎಫ್6 ಒತ್ತಿ ನಿಜವಾದ ಸೌಂಡ್ ಕಾರ್ಡ್ ಆರಿಸಬೇಕು, ಇಲ್ಲಿ ಎಚ್‌ಡಿಎ ಇಂಟೆಲ್. ಆಗ ಹತ್ತಾರು ಕಂಬ ಕಾಣುತ್ತವೆ. ಲೈನ್ ಔಟ್ (ಹಿಂಬದಿಯ ಹಸಿರು ತೂತು) ಕಂಬದ ಕಾಲಬುಡದಲ್ಲಿ ಎರಡು ಎಂ ಇದ್ದವು, ಅಂದರೆ ಮ್ಯೂಟ್. ಕೆಲವು ಬೋರ್ಡುಗಳಲ್ಲಿ ಇದೇ ಕಂಬಕ್ಕೆ ಫ್ರಂಟ್ ಎಂದು ಹೆಸರು. ಎಂ ಕೀಲಿ ಒತ್ತಿದರೆ ಎರಡು ಸೊನ್ನೆ ಬಂದವು, ಸದ್ದು ಬರಲಿಲ್ಲ. ಬಲಬದಿಗೆ ಸರಿದು ಆಟೋ-ಮ್ಯೂಟ್ ಮೋಡ್ ನೋಡಿದರೆ 'ಎನೇಬಲ್ಡ್'. ಹೆಡ್‌ಫೋನ್ ಚುಚ್ಚಿದೊಡನೆ ಹಿಂದಿನ ಸ್ಪೀಕರನ್ನು ಬಂದ್ ಮಾಡುವುದು ಇದರ ಕೆಲಸ. ಅದನ್ನು 'ಡಿಸೇಬಲ್ಡ್' ಮಾಡಿದ ಕೂಡಲೇ ವೀಣೆ ಕೇಳಿಸಿತು. ಮೇಷ್ಟ್ರು ಕಣ್ಣುಮುಚ್ಚಿ ತಾಳ ಹಾಕಲು ಶುರುಮಾಡಿದರು.

ಅಲ್ಲಿಗೇ ಬಿಟ್ಟು ಎದ್ದಿದ್ದರೆ ತಪ್ಪಾಗುತ್ತಿತ್ತು. ರೀಬೂಟ್ ಮಾಡಿದರೆ ಮತ್ತೆ ಮೌನ. ಬಾಯಿ ಮುಚ್ಚಿಸುವವರು ಇಬ್ಬರು: ಸೌಂಡ್ ಕಾರ್ಡ್ ನಡೆಸುವ ಡ್ರೈವರಿನ ಆಟೋ-ಮ್ಯೂಟ್ ಒಂದು, ಹೆಡ್‌ಫೋನ್ ಇದೆ ಎಂದು ನಂಬಿ ದಾರಿ ಬದಲಿಸುವ ಪೈಪ್‌ವೈರ್ ಇನ್ನೊಂದು. ಒಬ್ಬರನ್ನು ತಡೆದರೆ ಇನ್ನೊಬ್ಬರು ಮುಚ್ಚುತ್ತಾರೆ. ಇಬ್ಬರಿಗೂ ಸುಳ್ಳು ಸುದ್ದಿ ಎಲ್ಲಿಂದ ಹೋಗುತ್ತಿದೆ ಎಂದು ಹುಡುಕಬೇಕು.

ಅದಕ್ಕೆ ಟರ್ಮಿನಲ್ಲಿನಲ್ಲೇ ಎಮಿಕ್ಸರ್ ಎಂಬ ಆದೇಶ ಇದೆ. ಕಾರ್ಡಿನ ಸಂಖ್ಯೆ ಕೊಟ್ಟು ಕಂಟೆಂಟ್ಸ್ ಕೇಳಿದರೆ ಪ್ರತಿಯೊಂದು ಜ್ಯಾಕಿನ (ಪಿನ್ ಚುಚ್ಚುವ ತೂತಿನ) ಸ್ಥಿತಿಯನ್ನೂ ಹೇಳುತ್ತದೆ. ಫ್ರಂಟ್ ಹೆಡ್‌ಫೋನ್ ಜ್ಯಾಕ್: 'ಆನ್'. ಒಂದು ಪಿನ್ನನ್ನು ಡಬ್ಬದ ಮುಂಭಾಗದ ತೂತಿಗೆ ಹಾಕಿ ತೆಗೆದೆ, ಮತ್ತೆ ಕೇಳಿದೆ. ಆಗಲೂ 'ಆನ್'. ಆ ತೂತಿನೊಳಗೆ ಕೂದಲೆಳೆಯಷ್ಟು ಅಂತರದಲ್ಲಿ ಎರಡು ಲೋಹದ ಎಲೆಗಳಿವೆ. ಪಿನ್ ಒಳಹೋದಾಗ ಅವು ಒಂದಕ್ಕೊಂದು ತಾಗಿ 'ಹೆಡ್‌ಫೋನ್ ಬಂತು' ಎಂಬ ಸುದ್ದಿ ಹೋಗುತ್ತದೆ. ಧೂಳು, ತುಕ್ಕು ಅಥವಾ ಬಾಗಿದ ಎಲೆಯಿಂದ ತಾಗಿಕೊಂಡೇ ಉಳಿದರೆ ಹೀಗಾಗುತ್ತದೆ. ಈ ಡಬ್ಬ ರಸ್ತೆ ಕಡೆಯ ಕಿಟಕಿ ಕೆಳಗೆ ವರ್ಷಗಟ್ಟಲೆ ನೆಲದ ಮೇಲಿತ್ತು.

ಖಚಿತ ಮಾಡಿಕೊಳ್ಳಲು ಪವರ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಡಬ್ಬ ಬಿಚ್ಚಿದೆವು. ಮುಂದಿನ ಜ್ಯಾಕಿನಿಂದ ಬರುವ ಕನೆಕ್ಟರು ಮದರ್‌ಬೋರ್ಡಿನ ಅಂಚಿನಲ್ಲಿ 'ಎಎಎಫ್‌ಪಿ' ಎಂದು ಬರೆದ ಕಡೆ ಕೂತಿತ್ತು. ಅದನ್ನು ಕಿತ್ತು ಕಂಪ್ಯೂಟರ್ ಹಾಕಿದರೆ, ಏನನ್ನೂ ಮುಟ್ಟದೆಯೇ ಸದ್ದು ಬಂತು. ಸಾಫ್ಟ್‌ವೇರಿನ ತಪ್ಪಲ್ಲ ಎನ್ನುವುದು ಅಲ್ಲಿಗೆ ಸಾಬೀತಾಯಿತು. ಫಾರ್ಮ್ಯಾಟ್ ಮಾಡಿಸಿದ್ದರೆ ಅವರ ಬರಹಗಳನ್ನೆಲ್ಲ ಅತ್ತಿತ್ತ ಸಾಗಿಸಿ, ಕೊನೆಗೆ ಇದೇ ಮೌನ ಸಿಗುತ್ತಿತ್ತು. ನನಗೆ ಬೇಜಾರಾಗುವುದು ಆ ಸಲಹೆಯ ಮೇಲೆಯೇ.

ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿದ ಪಿನ್ನನ್ನು ಹತ್ತು ಹದಿನೈದು ಸಲ ಹಾಕಿ ತೆಗೆದು ಒಣಗಲು ಬಿಟ್ಟೆವು. ಕನೆಕ್ಟರ್ ಮತ್ತೆ ಹಾಕಿ ನೋಡಿದರೆ ಸ್ಥಿತಿ 'ಆಫ್' ಆಯಿತು, ಡಬ್ಬಕ್ಕೆ ಮೆಲ್ಲಗೆ ತಟ್ಟಿದರೆ ಪುನಃ 'ಆನ್'. ಎಲೆ ಬಾಗಿದೆ, ಇನ್ನು ಶುಚಿ ಮಾಡಿ ಫಲವಿಲ್ಲ. ಎಚ್‌ಡಿಎ ಜ್ಯಾಕ್ ರೀಟಾಸ್ಕ್ ಎಂಬ ಸಾಧನದಲ್ಲಿ ಮುಂದಿನ ಹಸಿರು ಜ್ಯಾಕನ್ನು 'ನಾಟ್ ಕನೆಕ್ಟೆಡ್' ಮಾಡಿ ಪ್ರತಿ ಸಲ ಆನ್ ಆದಾಗಲೂ ಅದೇ ಉಳಿಯುವಂತೆ ಬೂಟ್ ಓವರ್‌ರೈಡ್ ಹಾಕಿದರೆ ತೊಂದರೆ ಮುಗಿಯುತ್ತದೆ. ಆದರೆ ಆ ತೂತು ಪೂರ್ತಿ ಸತ್ತುಹೋಗುತ್ತದೆ. ಮೇಷ್ಟ್ರಿಗೆ ರಾತ್ರಿ ಹೊತ್ತು ಹೆಡ್‌ಫೋನ್ ಬೇಕೇ ಬೇಕು.

ಹಾಗಾಗಿ ಒಂದೇ ಒಂದು ವೈರ್ ತೆಗೆದೆವು. ಆ ಕನೆಕ್ಟರಿನಲ್ಲಿ 10 ತೂತಿನ ಜಾಗ, 8ನೆಯದು ಮುಚ್ಚಿರುತ್ತದೆ. ಮುಂದಿನ ಹೆಡ್‌ಫೋನಿನ ಸದ್ದು ಹೋಗುವುದು 5 ಮತ್ತು 9ರಲ್ಲಿ. 'ಚುಚ್ಚಿದ್ದಾರೆ' ಎಂಬ ಸುದ್ದಿ ಮಾತ್ರ 10ರಲ್ಲಿ. ಮುಚ್ಚಿದ ತೂತಿನ ಸಾಲಿನಲ್ಲೇ, ಅದರ ಪಕ್ಕದ ತುದಿಯದು 10. ಪವರ್ ಪ್ಲಗ್ ಕಿತ್ತು, ಕನೆಕ್ಟರ್ ಹೊರತೆಗೆದು, ಬದಿಯ ಸಣ್ಣ ಪ್ಲಾಸ್ಟಿಕ್ ನಾಲಿಗೆಯನ್ನು ಸೂಜಿಯಿಂದ ಎತ್ತಿದರೆ ವೈರ್ ಹಿಂದಕ್ಕೆ ಜಾರಿ ಬರುತ್ತದೆ. ಅದರ ಲೋಹದ ತುದಿ ಎಲ್ಲೂ ತಾಗದಂತೆ ಇನ್ಸುಲೇಷನ್ ಟೇಪ್ ಸುತ್ತಬೇಕು. ಕತ್ತರಿಸಬಾರದು, ಮುಂದೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಸರಿಯಾದ ಮುಂಭಾಗದ ಬೋರ್ಡ್ ಸಿಕ್ಕರೂ, ಸಿಗದೆ ಹಳೆಯದನ್ನೇ ಜೋಡಿಸಬೇಕಾಗಿ ಬಂದರೂ ಆ ವೈರ್ ಇರಲಿ.

ಈಗ ಹೆಡ್‌ಫೋನ್ ಹಾಕಿದರೆ ತಾನಾಗಿ ಬದಲಾಗುವುದಿಲ್ಲ. ಸದ್ದಿನ ದಾರಿಯನ್ನು ಕೈಯಾರೆ ಆರಿಸಲು ಪಾವು ಕಂಟ್ರೋಲ್ ಎಂಬ ಸಾಧನ ಇನ್‌ಸ್ಟಾಲ್ ಮಾಡಿ ಔಟ್‌ಪುಟ್ ಡಿವೈಸಸ್ ಪುಟ ತೋರಿಸಿದೆ. ಅಲ್ಲಿನ ಪೋರ್ಟ್ ಪಟ್ಟಿಯಲ್ಲಿ 'ಹೆಡ್‌ಫೋನ್ಸ್' ಮುಂದೆ 'ಅನ್‌ಪ್ಲಗ್ಡ್' ಎಂದಿದ್ದರೂ ಆರಿಸಬಹುದು. ಬೆಳಗ್ಗೆ ಮತ್ತೆ ಲೈನ್ ಔಟ್. ಮೇಷ್ಟ್ರು ಅದನ್ನು ಕ್ಯಾಲೆಂಡರಿನ ಹಿಂದೆ ನೀಲಿ ಪೆನ್ನಿನಲ್ಲಿ ಬರೆದು ಮಾನಿಟರಿನ ಪಕ್ಕ ಅಂಟಿಸಿಕೊಂಡರು.