ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಕೇಳುವವರಿಗೆ

ನನ್ನ ಪತಿಗೆ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಮತ್ತು ಮಾತು ಒಂದೇ ರಾತ್ರಿಯಲ್ಲಿ ಹೋದ ಮೇಲೆ, ಕಂಡವರೆಲ್ಲ ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆ ಒಂದೇ: "ಇಷ್ಟೆಲ್ಲ ಆದರೂ ನೀವು ಹೇಗೆ ಇಷ್ಟು ಗಟ್ಟಿಯಾಗಿದ್ದೀರಿ?" ಸಲಿಗೆ ಇರುವವರು ಇನ್ನೂ ನೇರವಾಗಿ, "ಎಲ್ಲಿಂದ ಬಂತು ನಿಮಗೆ ಇಷ್ಟು ಧೈರ್ಯ?" ಎನ್ನುತ್ತಾರೆ. ಮೊದಮೊದಲು "ಹೇಗೋ ನಡೆಯುತ್ತಿದೆ" ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಓದಲು ಕೊಡುತ್ತೇನೆ. ಓದುವಷ್ಟು ವ್ಯವಧಾನ ಇಲ್ಲದವರಿಗೆ ಉತ್ತರ ನಿಜವಾಗಿ ಬೇಕಿರಲಿಲ್ಲ ಎಂದು ತಿಳಿದುಕೊಳ್ಳುತ್ತೇನೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಧೈರ್ಯ ಎಲ್ಲಿಂದಲೂ ಬಂದಿಲ್ಲ. ಬೆಳಿಗ್ಗೆ ಕಣ್ಣು ಬಿಟ್ಟಾಗ ಅದು ನನ್ನೊಳಗೆ ಇರುವುದಿಲ್ಲ. ಇರುವುದು ಅಂದಿನ ಕೆಲಸ. ಅವರನ್ನು ಮಗ್ಗುಲು ತಿರುಗಿಸಿ ನಿಧಾನವಾಗಿ ಎಬ್ಬಿಸಿ ಕೂರಿಸಬೇಕು, ಬಲಭುಜ ಜೋತುಬೀಳದಂತೆ ಕೈಯ ಕೆಳಗೆ ದಿಂಬು ಇಡಬೇಕು, ಮಾತ್ರೆ ಕೊಡಬೇಕು, ವ್ಯಾಯಾಮ ಮಾಡಿಸಬೇಕು. ಇಷ್ಟರಲ್ಲಿ ಅರ್ಧ ಮುಗಿಯುವ ಹೊತ್ತಿಗೆ ಮನಸ್ಸಿನ ಯಾವುದೋ ಮೂಲೆಯಲ್ಲಿ ಒಂದಿಷ್ಟು ಭರವಸೆ ಹುಟ್ಟಿರುತ್ತದೆ. ಭರವಸೆ ಮೊದಲು ಬರುತ್ತದೆ, ಅದರ ಬಲದಿಂದ ಮನುಷ್ಯ ಕೆಲಸಕ್ಕೆ ಕೈಹಾಕುತ್ತಾನೆ ಎಂದು ಎಲ್ಲರೂ ನಂಬಿಕೊಂಡಂತಿದೆ. ನಾನು ಕಂಡದ್ದು ಇದರ ತಿರುವುಮುರುವು.

ಆ ಪ್ರಶ್ನೆ ನನ್ನನ್ನು ಕೆರಳಿಸುವುದಕ್ಕೆ ಕಾರಣವಿದೆ. ಒಮ್ಮೆ ಫಿಸಿಯೋಥೆರಪಿ ವಿಭಾಗದ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ನನ್ನ ಒಂದು ಕೈಯಲ್ಲಿ ಅವರ ಫೈಲು, ಇನ್ನೊಂದರಲ್ಲಿ ಅವರ ಕಾಲಿನಿಂದ ಕಳಚಿಬಿದ್ದ ಚಪ್ಪಲಿ. ಪರಿಚಯದ ಹೆಂಗಸೊಬ್ಬರು ಬಂದು ಪಕ್ಕದಲ್ಲಿ ಕೂತು, ನನ್ನ ತೋಳು ಹಿಡಿದು, "ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಸತ್ತೇ ಹೋಗುತ್ತಿದ್ದೆ ಕಣ್ರೀ, ಅದು ಹೇಗೆ ತಡೆದುಕೊಂಡಿದ್ದೀರೋ!" ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಮಾತು ಹೋಗಿರುವ ಮನುಷ್ಯನಿಗೆ ಕಿವಿಯೂ ಹೋಗಿಲ್ಲ, ಬುದ್ಧಿಯೂ ಹೋಗಿಲ್ಲ. ನನ್ನ ಪತಿಯ ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಿರುವುದರಿಂದ ಪದಗಳು ಬಾಯಿಗೆ ಬರುವುದಿಲ್ಲ, ಅಷ್ಟೇ. ಎದುರಿನವರು ಹೇಳುವುದೆಲ್ಲ ಅವರಿಗೆ ತಿಳಿಯುತ್ತದೆ. ತಾನು ಬದುಕಿರುವುದೇ ಇನ್ನೊಬ್ಬರಿಗೆ ಸಾಯುವಷ್ಟು ದೊಡ್ಡ ಸಂಕಟ ಎಂಬ ಮಾತನ್ನು ಅವರು ಒಂದಡಿ ದೂರದಲ್ಲಿ ಕೂತು ಕೇಳಿಸಿಕೊಂಡರು, ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಅಂದಿನ ವ್ಯಾಯಾಮಕ್ಕೆ ಅವರು ಸಹಕರಿಸಲೇ ಇಲ್ಲ. ಹೊಗಳಿದ್ದು ನನ್ನನ್ನು, ಪೆಟ್ಟು ಬಿದ್ದದ್ದು ಅವರಿಗೆ.

ಆ ಹೊಗಳಿಕೆಯಲ್ಲಿ ಇನ್ನೊಂದು ಊಹೆಯೂ ಅಡಗಿದೆ: ಕೆಲವರು ಹುಟ್ಟುವಾಗಲೇ ಗಟ್ಟಿ, ಉಳಿದವರು ಮೆದು. ಇದು ಸುಳ್ಳು ಎನ್ನಲು ನನ್ನ ಅನುಭವವನ್ನಷ್ಟೇ ನೆಚ್ಚಬೇಕಾಗಿಲ್ಲ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಮನೋವಿಜ್ಞಾನಿಗಳಾದ ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಅವರು ಮಕ್ಕಳಿಗೆ ನಲವತ್ತು ತುಂಬುವವರೆಗೂ ಹಿಂಬಾಲಿಸಿದರು. ಅವರಲ್ಲಿ ಸುಮಾರು ಮೂರನೇ ಒಂದು ಭಾಗದವರು ಬಡತನ, ಹೆರಿಗೆಯ ತೊಡಕು, ಮನೆಯಲ್ಲಿನ ಜಗಳ ಅಥವಾ ಕುಡಿತ, ತಂದೆತಾಯಿಯ ಮಾನಸಿಕ ಕಾಯಿಲೆ, ಇಂಥ ಹಲವು ಕಷ್ಟಗಳ ನಡುವೆ ಬೆಳೆದವರು. ಆ ಕಷ್ಟದ ಗುಂಪಿನಲ್ಲೂ ಮೂರರಲ್ಲಿ ಒಬ್ಬರು ಸಮರ್ಥರಾಗಿ, ಇತರರನ್ನು ನೋಡಿಕೊಳ್ಳಬಲ್ಲವರಾಗಿ ಬೆಳೆದರು. ಹದಿಹರೆಯದಲ್ಲಿ ದಾರಿ ತಪ್ಪಿದ್ದವರಲ್ಲೂ ಬಹುಪಾಲು ಜನ ಮೂವತ್ತು ನಲವತ್ತರ ಹೊತ್ತಿಗೆ ಬದುಕನ್ನು ಸರಿಪಡಿಸಿಕೊಂಡಿದ್ದರು. ಹಾಗೆ ನಿಭಾಯಿಸಿದವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ ಎಂದರೆ ಕೈಬಿಡದ ಒಬ್ಬ ಮನುಷ್ಯ: ಅಜ್ಜಿಯೋ, ಶಿಕ್ಷಕರೋ, ನೆರೆಮನೆಯವರೋ, ಮುಂದೆ ಸಿಕ್ಕ ಒಳ್ಳೆಯ ಸಂಗಾತಿಯೋ. ಸ್ವಭಾವದ ಪಾತ್ರ ಇಲ್ಲವೆಂದು ಆ ಸಂಶೋಧಕರು ಹೇಳಲಿಲ್ಲ. ಸ್ವಭಾವವೊಂದೇ ಎಂದೂ ಹೇಳಲಿಲ್ಲ.

ಇನ್ನು ಕೈಯ ವಿಷಯ. ಭರವಸೆಯ ಬಗ್ಗೆ ನನಗೆ ತಿಳಿದಿರುವುದರಲ್ಲಿ ಬಹುಪಾಲನ್ನು ಕಲಿಸಿದ್ದು ನನ್ನ ಪತಿಯ ಬಲಗೈ. ಪಾರ್ಶ್ವವಾಯುವಾದ ಹೊಸದರಲ್ಲಿ ರೋಗಿ ಆ ಕೈಯನ್ನು ಎತ್ತಲು ನೋಡುತ್ತಾನೆ, ಆಗುವುದಿಲ್ಲ, ಮತ್ತೆ ನೋಡುತ್ತಾನೆ, ಬಟ್ಟಲು ಉರುಳುತ್ತದೆ, ನಾಚಿಕೆಯಾಗುತ್ತದೆ. ಕೊನೆಗೆ ಎಲ್ಲವನ್ನೂ ಎಡಗೈಯಲ್ಲೇ ಮಾಡಲು ಕಲಿಯುತ್ತಾನೆ. ವಾರಗಳು ಕಳೆದು ಮಿದುಳು ಸ್ವಲ್ಪ ಚೇತರಿಸಿಕೊಂಡು ಬಲಗೈಗೆ ಒಂದಿಷ್ಟು ಶಕ್ತಿ ಮರಳಿದ್ದರೂ ಆ ಕೈ ಏಳುವುದಿಲ್ಲ, ಏಕೆಂದರೆ ಪ್ರಯತ್ನಿಸುವ ರೂಢಿಯೇ ಅಷ್ಟರಲ್ಲಿ ಅಳಿಸಿಹೋಗಿರುತ್ತದೆ. ಇದನ್ನು ಮೊದಲು ಮಂಗಗಳಲ್ಲಿ ಗುರುತಿಸಿದವರು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್. ಅವರು ರೂಪಿಸಿದ ಚಿಕಿತ್ಸೆಯಲ್ಲಿ ಸರಿಯಿರುವ ಕೈಗೆ ದಪ್ಪನೆಯ ಗವಸು ತೊಡಿಸಿ, ಎಚ್ಚರವಿರುವ ಹೊತ್ತಿನಲ್ಲಿ ಹೆಚ್ಚು ಪಾಲು ದುರ್ಬಲ ಕೈಯನ್ನೇ ಬಳಸುವಂತೆ ಮಾಡುತ್ತಾರೆ. ಪಾರ್ಶ್ವವಾಯುವಾಗಿ ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ರೋಗಿಗಳ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎರಡೇ ವಾರಗಳ ಇಂಥ ಅಭ್ಯಾಸದಿಂದ ಬಂದ ಸುಧಾರಣೆ ವರ್ಷದ ನಂತರವೂ ಉಳಿದಿತ್ತು. ಬೆರಳು, ಮಣಿಕಟ್ಟಿನಲ್ಲಿ ಒಂದಿಷ್ಟಾದರೂ ಚಲನೆ ಮರಳಿದವರಿಗೆ ಮಾತ್ರ ಈ ಕ್ರಮ ಒಗ್ಗುತ್ತದೆ ಎನ್ನುವುದನ್ನೂ ಹೇಳಲೇಬೇಕು. ಮನಸ್ಸು ಗಟ್ಟಿ ಮಾಡಿದರೆ ಎಲ್ಲವೂ ಸಾಧ್ಯ ಎನ್ನುವವರು ಹಾಸಿಗೆಯಲ್ಲಿ ಮಲಗಿರುವವರಿಗೆ ದ್ರೋಹ ಮಾಡುತ್ತಾರೆ.

ನನ್ನ ಪತಿಯ ಎಡಗೈಗೆ ಗವಸು ಹಾಕಿ ಎದುರಿಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಇಡುತ್ತಿದ್ದರು. ಡಬ್ಬಿಯ ಅಂಚಿಗೆ ಸಿಕ್ಕಿಸಿದ್ದ ಒಂದು ಕ್ಲಿಪ್ಪನ್ನು ಬಲಗೈಯಿಂದ ಒತ್ತಿ ತೆಗೆಯಬೇಕು. ಹೆಬ್ಬೆರಳು ನಡುಗುತ್ತದೆ, ಹಣೆಯಲ್ಲಿ ಬೆವರು ಮೂಡುತ್ತದೆ, ಕ್ಲಿಪ್ಪು ಅರ್ಧ ಬಾಯಿಬಿಟ್ಟು ಮತ್ತೆ ಕಚ್ಚಿಕೊಳ್ಳುತ್ತದೆ. ಅದು ಕಳಚಿ ಮೇಜಿನ ಮೇಲೆ ಬಿದ್ದ ದಿನ ಅವರು ನನ್ನ ಕಡೆ ನೋಡಲಿಲ್ಲ, ಸೀದಾ ಎರಡನೆಯ ಕ್ಲಿಪ್ಪಿನ ಕಡೆ ಕೈ ಚಾಚಿದರು. ಯಾರ ಉಪದೇಶವೂ ಮಾಡದಿದ್ದ ಕೆಲಸವನ್ನು ಆ ಒಂದು ಕ್ಲಿಪ್ಪು ಮಾಡಿತ್ತು.

ಮನೋವಿಜ್ಞಾನದಲ್ಲಿ ಇದನ್ನೇ ಹೋಲುವ ಒಂದು ಕಥೆಯಿದೆ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ, ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಅನುಭವಿಸಿದ ನಾಯಿಗಳು ಮುಂದೆ ತಪ್ಪಿಸಿಕೊಳ್ಳುವ ದಾರಿ ಇದ್ದಾಗಲೂ ಬಹುಮಟ್ಟಿಗೆ ಸುಮ್ಮನೆ ಮಲಗಿಬಿಡುವುದನ್ನು ತೋರಿಸಿದರು. ಅಸಹಾಯಕತೆಯನ್ನು ಪ್ರಾಣಿ ಕಲಿಯುತ್ತದೆ ಎಂದರು. 2016ರಲ್ಲಿ ಅದೇ ಇಬ್ಬರು, ಮಿದುಳಿನ ಕುರಿತ ಹೊಸ ಅರಿವಿನ ಆಧಾರದಲ್ಲಿ, ತಾವು ಮೊದಲು ಹೇಳಿದ್ದು ತಲೆಕೆಳಗಾಗಿತ್ತು ಎಂದು ಬರೆದರು. ದೀರ್ಘಕಾಲದ ಸಂಕಟಕ್ಕೆ ಜೀವಿಯ ಸಹಜ ಪ್ರತಿಕ್ರಿಯೆಯೇ ಕುಸಿದು ಸುಮ್ಮನಾಗುವುದು; ನನ್ನಿಂದ ಏನಾದರೂ ಬದಲಾಗಬಲ್ಲದು ಎನ್ನುವುದು ಮಿದುಳು ಅನುಭವದಿಂದ ಕಲಿಯಬೇಕಾದ ವಿಷಯ. ಇದನ್ನು ಓದಿದ ದಿನ ನನಗೆ ದೊಡ್ಡ ಸಮಾಧಾನವಾಯಿತು. ಕುಸಿದು ಕೂರುವವರು ದುರ್ಬಲರಲ್ಲ. ಅವರ ಕೈಗೆ ಇನ್ನೂ ಕಳಚಬಲ್ಲ ಕ್ಲಿಪ್ಪು ಸಿಕ್ಕಿಲ್ಲ.

"ಯಾವಾಗ ಸರಿಹೋಗುತ್ತಾರಂತೆ?" ಎಂದು ತಾರೀಖು ಕೇಳುವವರಿಗೂ ಇಲ್ಲೇ ಉತ್ತರಿಸುತ್ತೇನೆ. ಮೊದಲ ಕೆಲವು ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ, ಆದರೆ ನಿಂತೇಹೋಗುತ್ತದೆ ಎಂದಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ಯಾರಿಂದಲೂ ಆಗದು, ಮತ್ತು ಭರವಸೆಗೆ ತಾರೀಖು ಕಟ್ಟುವುದು ಅಪಾಯ. ನಾಜಿ ಸೆರೆಶಿಬಿರದಿಂದ ಬದುಕಿಬಂದ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್, 1944ರ ಕ್ರಿಸ್‌ಮಸ್‌ನಿಂದ 1945ರ ಹೊಸವರ್ಷದವರೆಗಿನ ವಾರದಲ್ಲಿ ಶಿಬಿರದ ಸಾವುಗಳು ಏರಿದ್ದನ್ನು ದಾಖಲಿಸಿದ್ದಾರೆ. ಶಿಬಿರದ ಮುಖ್ಯ ವೈದ್ಯರು ಅದಕ್ಕೆ ಕಂಡುಕೊಂಡ ಕಾರಣವೆಂದರೆ, ಹಬ್ಬಕ್ಕೆ ಮನೆ ಸೇರುತ್ತೇವೆಂದು ನಂಬಿದ್ದವರ ನಂಬಿಕೆ ಮುರಿದದ್ದು. ಹಾಗಾದರೆ ಅಂಟಾರ್ಕ್ಟಿಕದ ಬಳಿಯ ಎಲಿಫೆಂಟ್ ದ್ವೀಪದ ಕಥೆಯನ್ನು ಏನೆನ್ನಬೇಕು? ಬ್ರಿಟಿಷ್ ಅನ್ವೇಷಕ ಅರ್ನೆಸ್ಟ್ ಶ್ಯಾಕಲ್‌ಟನ್ನರ ಹಡಗು 1915ರಲ್ಲಿ ಅಂಟಾರ್ಕ್ಟಿಕದ ಹಿಮಕ್ಕೆ ಸಿಕ್ಕಿ ಮುಳುಗಿದ ಮೇಲೆ, ಅವರು ಸಹಾಯ ತರಲು ಸಣ್ಣ ದೋಣಿಯಲ್ಲಿ ಹೊರಟರು. ಉಳಿದ 22 ಮಂದಿ ಆ ದ್ವೀಪದಲ್ಲಿ ಮಗುಚಿ ಹಾಕಿದ ಎರಡು ದೋಣಿಗಳ ಕೆಳಗೆ 1916ರ ಏಪ್ರಿಲ್‌ನಿಂದ ಆಗಸ್ಟ್ 30ರವರೆಗೆ ಬದುಕಿದರು. ಅವರ ಉಸ್ತುವಾರಿ ಹೊತ್ತಿದ್ದ ಫ್ರಾಂಕ್ ವೈಲ್ಡ್ ಬೆಳಿಗ್ಗೆಯಾದರೆ, ಇಂದು ನಾಯಕರು ಬರಬಹುದು, ಹಾಸಿಗೆ ಸುತ್ತಿಡಿ ಎನ್ನುತ್ತಿದ್ದರಂತೆ. ಅದೂ ಒಂದು ತಾರೀಖೇ ಅಲ್ಲವೇ ಎಂದು ನಾನು ಬಹಳ ಯೋಚಿಸಿದ್ದೇನೆ. ವ್ಯತ್ಯಾಸ ಇರುವುದು "ಬರಬಹುದು" ಎಂಬಲ್ಲಿ, ಮತ್ತು ಅದಕ್ಕಿಂತ ಹೆಚ್ಚಾಗಿ, ಹಡಗು ಬರಲಿ ಬಿಡಲಿ ಹಾಸಿಗೆಯಂತೂ ಸುತ್ತಿ ಆಗುತ್ತಿತ್ತು ಎಂಬಲ್ಲಿ. ಆ 22 ಮಂದಿಯೂ ಜೀವಂತವಾಗಿ ಮರಳಿದರು.

ಇಷ್ಟು ಹೇಳಿಯೂ, ಕೇಳಿದ ಪ್ರಶ್ನೆ ಸರಿಯಾದುದಲ್ಲ ಎಂಬ ಅಸಮಾಧಾನ ನನಗೆ ಹೋಗಿಲ್ಲ. ಧೈರ್ಯ ಎಲ್ಲಿಂದ ಬಂತು ಎನ್ನುವ ಬದಲು "ನಿಮ್ಮ ಜೊತೆ ಯಾರಿದ್ದರು?" ಎಂದು ಯಾರಾದರೂ ಕೇಳಿದ್ದರೆ ಸಂತೋಷದಿಂದ ಗಂಟೆಗಟ್ಟಲೆ ಹೇಳುತ್ತಿದ್ದೆ. ನಿವೃತ್ತರಾದ ನೆರೆಮನೆಯವರೊಬ್ಬರು ಗುರುವಾರ ಸಂಜೆ ತಪ್ಪದೆ ಬರುತ್ತಾರೆ. ಹೇಗಿದ್ದೀರಿ ಎಂದು ಕೂಡ ಕೇಳುವುದಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪತಿಗೆ ಪತ್ರಿಕೆ ಓದಿ ಹೇಳುತ್ತಾರೆ, ಸಂಪಾದಕೀಯದ ಬಗ್ಗೆ ತಮ್ಮ ತಕರಾರು ಮುಂದಿಡುತ್ತಾರೆ, ಅವರು ಒಪ್ಪುತ್ತಾರೋ ಇಲ್ಲವೋ ಎಂದು ಕಾಯುತ್ತಾರೆ. ಮಂಚದ ಪಟ್ಟಿಗೆ ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಅಲ್ಲ. ಜೋರಾಗಿ ಎರಡು ಸಲ ಕೇಳಿಸಿದಾಗ ನನಗೆ ಪಕ್ಕದ ಕೋಣೆಯಲ್ಲಿ ಮಲಗಿದ್ದಲ್ಲೇ ನಗು ಬರುತ್ತದೆ, ಏಕೆಂದರೆ ಜಗಳವಾಡುವ ಮನುಷ್ಯ ಬದುಕಿನಲ್ಲಿ ಇನ್ನೂ ಪಾಲು ಕೇಳುತ್ತಿದ್ದಾನೆ ಎಂದರ್ಥ. ಆ ಹೊತ್ತಿನಲ್ಲಿ ನಾನು ನಿದ್ದೆ ಮಾಡುತ್ತೇನೆ. ನೀವೆಲ್ಲ ನನ್ನ ಮುಖದಲ್ಲಿ ಕಾಣುವ ಧೈರ್ಯದ ಒಳ್ಳೆಯ ಪಾಲು ಆ ಗುರುವಾರದ ನಿದ್ದೆ.

ಆದ್ದರಿಂದ "ಏನಾದರೂ ಬೇಕಿದ್ದರೆ ಹೇಳಿ" ಎಂದು ಹೊರಡಬೇಡಿ. ಏನು ಬೇಕೆಂದು ಯೋಚಿಸಿ, ನಾಚಿಕೆ ಬಿಟ್ಟು ಕೇಳುವ ಕೆಲಸವನ್ನೂ ನನಗೇ ಬಿಟ್ಟುಹೋದಂತಾಗುತ್ತದೆ. "ಶನಿವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ನಾನು ಅವರ ಹತ್ತಿರ ಕೂರುತ್ತೇನೆ, ನೀವು ಹೊರಗೆ ಹೋಗಿಬನ್ನಿ" ಎನ್ನಿ. ಬಂದಾಗ ಮಾತನ್ನು ನನ್ನ ಜೊತೆಯಲ್ಲ, ಅವರ ಜೊತೆ ಆಡಿ. ಹೌದು ಅಥವಾ ಅಲ್ಲ ಎನ್ನಬಹುದಾದ ಪ್ರಶ್ನೆ ಕೇಳಿ, ಒಂದು ಸಲಕ್ಕೆ ಒಂದೇ. ಕೂಗಿ ಹೇಳಬೇಡಿ, ಕಿವಿ ಚೆನ್ನಾಗಿದೆ. ಪದಕ್ಕಾಗಿ ಹುಡುಕುತ್ತಿದ್ದರೆ ಕಾಯಿರಿ, ಅವರು ಹೇಳಹೊರಟ ಪದವನ್ನು ನೀವು ಮುಗಿಸಬೇಡಿ. ದಿಂಬು ಬಲಗೈಯ ಕೆಳಗೆ ಇರಬೇಕು. ಜಾರಿದ್ದರೆ ಸರಿಪಡಿಸಿ, ಆದರೆ ಆ ಕೈಯನ್ನು ಹಿಡಿದು ಎಳೆಯಬೇಡಿ, ಭುಜಕ್ಕೆ ನೋವಾಗುತ್ತದೆ. ಗುರುವಾರ ಈಗಾಗಲೇ ಒಬ್ಬರದು. ಉಳಿದ ಯಾವ ದಿನ ಬಂದರೂ ಆಗುತ್ತದೆ.